ಗೋಡೆಯ ಹುಡುಗಿಯರಿಗೆ ಸೀರೆ

ಮೊಳಕಾಲ್ಮುರಿನ ಸೀರೆ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ನಾನೂ ತಿಪ್ಪೇಸ್ವಾಮಣ್ಣನೂ ಒಂದೇ ಟೇಬಲ್ಲಿಗೆ ಕೂರುತ್ತಿದ್ದೆವು. ನೇಕಾರರು ತರುವ ಸೀರೆಗಳನ್ನು ಬಿಚ್ಚಿ ನೋಡಿ ಒಳಗಿಡುವ ಕೆಲಸ. ಅಣ್ಣ ಎದುರಿನ ಗೋಡೆಗೆ ಈಜುಡುಗೆ ಹುಡುಗಿಯರ ಮೂರು ಫೋಟೊ ಅಂಟಿಸಿದ್ದರು.

“ಅಣ್ಣಾ, ಇವನ್ನ ತೆಗೀರಿ. ನಂಗೆ ಇಲ್ಲಿ ಕೂರಾಕಾಗಲ್ಲ,” ಅಂದೆ.

“ನಿನ್ನ ಯಾರು ನೋಡು ಅಂದ್ರು? ತಲೆ ಬಗ್ಗಿಸ್ಕೊಂಡು ಕೆಲ್ಸ ಮಾಡವ್ವ.”

ಮಾಲೀಕರಿಗೆ ಹೇಳಿದರೆ ಅವರೂ ನಕ್ಕರು.

ಒಂದು ಮಧ್ಯಾಹ್ನ ಅಣ್ಣ ಊಟಕ್ಕೆ ಹೋದಾಗ, ರೇಷ್ಮೆಯ ಚೂರುಗಳನ್ನು ಆಯ್ದು ಗಮ್ ಹಚ್ಚಿ, ನೆರಿಗೆ ಹಿಡಿದು ಮೂವರಿಗೂ ಸೀರೆ ಉಡಿಸಿಬಿಟ್ಟೆ. ಅಣ್ಣ ವಾಪಸ್ ಬಂದು ಹಲ್ಲು ಕಡಿಯುತ್ತಿರುವಾಗಲೇ ನೇಕಾರರ ಮನೆಯ ಓಬಜ್ಜಿ ಸೀರೆ ತಂದರು. ಯಾವಾಗಲೂ ಆ ಗೋಡೆಗೆ ಬೆನ್ನು ಹಾಕಿ ಕೂರುವ ಅಜ್ಜಿ, ಅವತ್ತು ಕನ್ನಡಕ ಏರಿಸಿಕೊಂಡು ಹತ್ತಿರ ಹೋದರು.

“ಯಾರ್ವು ಇವು?”

“ಅಣ್ಣಂದೇ ಅಜ್ಜಿ,” ಅಂದೆ. ಸುಳ್ಳೇನಲ್ಲ.

“ಗಂಡಸಾದ್ರೂ ಏನ್ ಚೆಂದ ನೆರಿಗೆ ಹಿಡಿದೀಯಪ್ಪಾ! ನಾಳೆ ನನ್ನ ಸೊಸೇರ್ನ ಕರ್ಕಂಡ್ ಬರ್ತೀನಿ, ಅವ್ರಿಗೂ ಒಂದೀಟು ಹೇಳ್ಕೊಡು.”

ಮರುದಿನ ಸೊಸೆಯರು ಬರುವಷ್ಟರಲ್ಲಿ ಗೋಡೆ ಖಾಲಿಯಾಗಿತ್ತು. ಅರೆಬಟ್ಟೆಯ ಹುಡುಗಿಯರ ಮುಂದೆ ಎರಡು ವರ್ಷ ಆರಾಮಾಗಿ ಕೂತಿದ್ದ ಮನುಷ್ಯನಿಗೆ, ಅವರು ಸೀರೆ ಉಟ್ಟ ಮೇಲೆ ನಾಚಿಕೆಯಾಯಿತು.