ಫ್ಲ್ಯಾಶಿಗೆ ಸಿಕ್ಕಿದ ಮಾವನ ರುಮಾಲು

ನನ್ನ ತಂಗಿಗೆ ಮೂಗಿಲ್ಲ ಎಂದು ಆಳಂದದಿಂದ ಸುದ್ದಿ ಬಂತು.

ಗಾಬರಿಯಾಗಬೇಡಿ. ಮೂಗಿದೆ. ನಮ್ಮ ಅಜ್ಜಿಯ ಕಡೆಯಿಂದ ಬಂದ ನೆಟ್ಟನೆಯ ಮೂಗು, ಅದರಲ್ಲೊಂದು ನತ್ತು ಬೇರೆ. ಆಳಂದದ ಬೀಗರು (ಇನ್ನೂ ಆಗಬೇಕಾದ ಬೀಗರು) ನೆಲೋಗಿಯ ನಮ್ಮ ಮನೆಗೇ ಬಂದು, ಪಡಸಾಲೆಯಲ್ಲಿ ಕೂತು, ಅದೇ ಮೂಗನ್ನು ಕಣ್ಣಾರೆ ಕಂಡು, ತಂಗಿ ಕಸ್ತೂರಿ ಕೊಟ್ಟ ಚಹಾ ಕುಡಿದು ಹೋಗಿದ್ದರು. ಆದರೆ ಹುಡುಗ ನೋಡಿರಲಿಲ್ಲ. ಅವನು ಹೈದರಾಬಾದಿನ ಒಂದು ಕಚೇರಿಯಲ್ಲಿ ಗುಮಾಸ್ತ. ಹೆಣ್ಣು ನೋಡಬೇಕು ಎಂದು ರಜೆ ಕೇಳಿದರೆ ಸಾಹೇಬರು ನಕ್ಕು ವಾಪಸು ಕಳಿಸಿದರಂತೆ. ಒಂದು ಫೋಟೋ ಆದರೂ ಕಳಿಸಿ ಎಂದು ಕಾಗದ ಬರೆದ.

ಫೋಟೋ ತೆಗೆದವನು ನಾನು. ಮೂಗು ತೆಗೆದವನೂ ನಾನೇ.

ಸೊಲ್ಲಾಪುರದ ಗೆಳೆಯನೊಬ್ಬ ತನ್ನ ಹಳೆಯ ಕ್ಯಾಮರಾ ನನಗೆ ಕೊಟ್ಟಿದ್ದಾನೆ. ಅದರ ಪಕ್ಕಕ್ಕೆ ಸಿಕ್ಕಿಸುವ ಫ್ಲ್ಯಾಶ್ ಒಂದು ಉಂಟು. ಊಟದ ತಾಟಿನಂಥ ಹೊಳೆಯುವ ರಿಫ್ಲೆಕ್ಟರ್, ನಡುವೆ ಉಳ್ಳಾಗಡ್ಡಿ ಗಾತ್ರದ ಬಲ್ಬು. ಗುಂಡಿ ಒತ್ತಿದರೆ ಸಿಡಿಲು ಬಡಿದಷ್ಟು ಬೆಳಕು. ಒಂದು ಬಲ್ಬು ಒಂದೇ ಸಲ, ಆಮೇಲೆ ಅದು ತಿಪ್ಪೆಗೆ. ಆ ಬೆಳಕಿಗೆ ಕಸ್ತೂರಿಯ ಮುಖ ಸುಣ್ಣ ಬಳಿದ ಗೋಡೆಯಾಗಿತ್ತು. ಮೇಲೆ ಬೈತಲೆ, ಕೆಳಗೆ ಬೋರಮಾಳ ಸರ, ನಡುವೆ ಎರಡು ಕಣ್ಣು. ಮಿಕ್ಕದ್ದು ದೇವರಿಗೇ ಗೊತ್ತು.

ಬಿಸಿಲಿನಲ್ಲಿ ನಿಲ್ಲಿಸಿ ತೆಗೆಯಬಾರದಿತ್ತೇ ಎಂದು ನೀವು ಕೇಳುತ್ತೀರಿ. ಮದುವೆಯ ವಯಸ್ಸಿಗೆ ಬಂದ ಹುಡುಗಿಯನ್ನು ಬಯಲಲ್ಲಿ ನಿಲ್ಲಿಸಿದರೆ ಊರಿನ ದೃಷ್ಟಿಯೆಲ್ಲ ತಾಗುತ್ತದೆ ಎಂದು ಅವ್ವ ಹಟ ಹಿಡಿದಳು. ಒಳಗೋ, ಮೊಳಗಟ್ಟಲೆ ದಪ್ಪದ ಗೋಡೆ, ಮಾಳಿಗೆಯಲ್ಲೊಂದು ಬೆಳಕಿಂಡಿ. ಅದಲ್ಲದೆ ಫ್ಲ್ಯಾಶ್ ಇಟ್ಟುಕೊಂಡವನಿಗೆ ಅದನ್ನು ಹಾರಿಸದೆ ಇರಲು ಆಗುತ್ತದೆಯೇ? ಬಂದೂಕು ಇಟ್ಟುಕೊಂಡವರನ್ನು ಕೇಳಿ ನೋಡಿ.

ನನಗೆ ಸಿಟ್ಟು ಬಂದದ್ದು ಬೀಗರ ಮೇಲೆ. ಎದುರಿಗೇ ಕೂತು ನೋಡಿದವರು, ಫೋಟೋ ಬಂದ ಮೇಲೆ ತಮ್ಮ ಕಣ್ಣನ್ನೇ ನಂಬಲಿಲ್ಲ. ಅಂದು ಕತ್ತಲೆಯಿತ್ತು, ನಾವೇ ಸರಿಯಾಗಿ ನೋಡಿರಲಿಕ್ಕಿಲ್ಲ, ಇನ್ನೊಂದು ಫೋಟೋ ಕಳಿಸಲಿ ಎಂದು ಹುಡುಗನ ತಂದೆ ಹೇಳಿದರಂತೆ. ಕಾಗದದ ಮೇಲೆ ಬಂದದ್ದೇ ಖರೆ, ಕಣ್ಣ ಮುಂದೆ ಇದ್ದದ್ದು ಸುಳ್ಳು. ಇದೆಂಥ ಕಾಲ ಬಂತ್ರೀ?

ಕಸ್ತೂರಿ ಮಾತ್ರ ಸಿಟ್ಟಾಗಲಿಲ್ಲ. ಹುಡುಗ ಬರೆದ ಕಾಗದದಲ್ಲಿ, ಹುಡುಗಿಗೆ ಈ ಸಂಬಂಧಕ್ಕೆ ಮನಸ್ಸಿದೆಯೇ ಎಂದು ಅವಳನ್ನೇ ಕೇಳಿ ತಿಳಿಸಿ ಎಂಬ ಒಂದು ಸಾಲಿತ್ತು. ನಮ್ಮ ಕಡೆ ಅಂಥ ಪ್ರಶ್ನೆಯನ್ನು ಎತ್ತು ಕೊಳ್ಳುವಾಗಲೂ ಯಾರೂ ಕೇಳುವುದಿಲ್ಲ, ಹೆಣ್ಣು ತರುವಾಗಲೂ ಕೇಳುವುದಿಲ್ಲ. ಆ ಸಾಲು ಕೇಳಿದ ದಿನವೇ ಅವಳ ಮನಸ್ಸು ಹೈದರಾಬಾದಿಗೆ ಹೋಗಿಬಿಟ್ಟಿತ್ತು. ಒಲೆಯ ಮುಂದೆ ಕೂತವಳು ತಲೆ ಎತ್ತದೆಯೇ ಹೇಳಿದಳು:

“ಅಣ್ಣಾ, ಈ ಸಲ ನನ್ನ ಮಾರಿ ಬರೂ ಹಂಗ ತಗಿ. ಇಲ್ಲಂದ್ರ ಹೇಳಿಬಿಡು, ನಾ ಇಲ್ಲೇ ರೊಟ್ಟಿ ಬಡಕೋತ ಇರ್ತೇನಿ.”

ನಗುತ್ತಲೇ ಹೇಳಿದಳು. ನಾನು ಎದ್ದು ಹೋಗಿ ಪೆಟ್ಟಿಗೆ ತೆರೆದು ನೋಡಿದೆ. ಬಲ್ಬು ಉಳಿದದ್ದು ಒಂದೇ.

ಸೊಲ್ಲಾಪುರದ ಗೆಳೆಯನಿಗೆ ಕಾಗದ ಬರೆದು ಕೇಳಿದೆ. ಬೆಳಕಿನ ಮುಂದೆ ಏನಾದರೂ ತೆಳುವಾದದ್ದನ್ನು ಅಡ್ಡ ಹಿಡಿ, ಉರಿ ತಗ್ಗಿ ಹದವಾಗುತ್ತದೆ, ಅದಕ್ಕೆ ಡಿಫ್ಯೂಸರ್ ಎನ್ನುತ್ತಾರೆ ಎಂದ. ಹೆಸರು ದೊಡ್ಡದು, ವಸ್ತು ಅರಿವೆಯ ತುಂಡು. ಆದರೆ ಯಾವ ಅರಿವೆ?

ಬಲ್ಬು ಸುಟ್ಟು ಪರೀಕ್ಷೆ ಮಾಡುವಂತಿಲ್ಲವಲ್ಲ. ಬ್ಯಾಟರಿ ಟಾರ್ಚು ತೆಗೆದುಕೊಂಡೆ. ಗೋಡೆಗೆ ಒಂದು ಜೋಳದ ರೊಟ್ಟಿ ಒರಗಿಸಿದೆ. ಬರೀ ಬ್ಯಾಟರಿ ಬಿಟ್ಟರೆ ರೊಟ್ಟಿ ಬೆಳ್ಳಗೆ ಬೆಪ್ಪಾಗಿ ಕಾಣುತ್ತದೆ. ಬೆಳಕು ಹದವಾದರೆ ಅದರ ಉಬ್ಬು, ಸುಟ್ಟ ಕಲೆ, ಅವ್ವನ ಬೆರಳಚ್ಚು, ಎಲ್ಲ ಎದ್ದು ಬರಬೇಕು. ರೊಟ್ಟಿಗೆ ಮುಖ ಬಂದರೆ ತಂಗಿಗೂ ಮೂಗು ಬಂದೀತು ಎಂಬುದು ನನ್ನ ಲೆಕ್ಕ. (ನಗಬೇಡಿ. ದೊಡ್ಡ ದೊಡ್ಡ ವಿಜ್ಞಾನಿಗಳೂ ಹೀಗೇ ಮಾಡಿರುತ್ತಾರೆ, ಹೇಳಿಕೊಳ್ಳುವುದಿಲ್ಲ ಅಷ್ಟೆ.)

ನನ್ನ ಕರ್ಚೀಫು ಹಿಡಿದೆ. ಅದರ ತುಂಬ ಶಾಯಿ. ರೊಟ್ಟಿಗೆ ಸಿಡುಬು ಎದ್ದಂತಾಯಿತು. ಅವ್ವ ತುಪ್ಪ ಸೋಸುವ ಅರಿವೆ ಕೊಟ್ಟಳು. ಬೆಳಕೇನೋ ಬೆಣ್ಣೆಯ ಹಾಗೆ ಬಂತು, ಆದರೆ ಅಷ್ಟು ಜಿಡ್ಡನ್ನು ಫ್ಲ್ಯಾಶಿನ ಮುಂದೆ ಹಿಡಿಯುವುದೆಂದರೆ ಮನೆಗೆ ನಾವೇ ಪಂಜು ಹಚ್ಚಿದ ಹಾಗೆ. ಪತಂಗದ, ಅಂದರೆ ಗಾಳಿಪಟದ, ಕಾಗದ ಹಿಡಿದೆ. ಅದು ಕೆಂಪು. ರೊಟ್ಟಿ ನಾಚಿಕೊಂಡಿತು. ಕೈಮಗ್ಗದ ಧೋತರ ಹಿಡಿದರೆ ರೊಟ್ಟಿಯೇ ಕಾಣಲಿಲ್ಲ.

ಅಷ್ಟರಲ್ಲಿ ಅತನೂರಿನಿಂದ ನಮ್ಮ ಸೋದರಮಾವ ಸಿದ್ರಾಮಪ್ಪ ಬಂದರು. ಈ ಸಂಬಂಧ ಕುದುರಿಸಿದವರೇ ಅವರು. ಬಂದವರು ಕಾಲು ತೊಳೆದು, ಗೋಡೆಗೆ ಒರಗಿಸಿದ್ದ ನನ್ನ ವಿಜ್ಞಾನವನ್ನು ಎತ್ತಿಕೊಂಡು ಶೇಂಗಾ ಹಿಂಡಿ ಹಚ್ಚಿ ತಿಂದುಬಿಟ್ಟರು.

ನಾನು ನೋಡಿದ್ದು ಅವರ ತಲೆಯನ್ನು. ಮಲ್ಲು ಎಂಬ ತೆಳು ಬಟ್ಟೆಯ ರುಮಾಲು. ಒಗೆದು ಒಗೆದು ಹಾಲಿನ ಕೆನೆಯಂತಾದ ಅರಿವೆ. ಹಿಂದೆ ಬೆನ್ನ ಮೇಲೆ ಇಳಿದ ಉದ್ದನೆಯ ಚುಂಗು. ಚುಂಗಿನ ಹಿಂದೆ ಬ್ಯಾಟರಿ ಹಿಡಿದು ಇನ್ನೊಂದು ರೊಟ್ಟಿಯ ಮೇಲೆ ಬಿಟ್ಟೆ. ಏನು ಹೇಳಲಿ, ಅಂಥ ಚೆಲುವಾದ ರೊಟ್ಟಿಯನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ.

ಮಾವ, ರುಮಾಲು ಬಿಚ್ಚಿ ಕೊಡಿ ಎಂದೆ. ಅವ್ವ ಒಳಗಿನಿಂದಲೇ ಬಾಯಿ ಮುಚ್ಚು ಎಂದಳು. ಅವ್ವನ ತಪ್ಪಲ್ಲ. ಹಿರಿಯ ಗಂಡಸು ಬರಿತಲೆಯಲ್ಲಿ ನಿಂತ ಎಂದರೆ ಆ ಮನೆಯಲ್ಲಿ ಸಾವಾಗಿದೆ ಎಂದು ಅರ್ಥ. ಒಂದು ಗಳಿಗೆ ನನ್ನ ಟೋಪಿ ಹಾಕಿಕೊಳ್ಳಿ ಎಂದೆ. ಬಿಚ್ಚುವುದಕ್ಕೂ ಹಾಕುವುದಕ್ಕೂ ನಡುವೆ ತಲೆ ಬರಿದಾಗುತ್ತದಲ್ಲ ಎಂದರು. ಆಮೇಲೆ ಕಸ್ತೂರಿಯ ಮುಖ ನೋಡಿದರು. ಮೆತ್ತಗಾದರು.

“ಲೇ ಅಳ್ಯಾ, ಚುಂಗು ತಗೋ. ರುಮಾಲು ನನ್ನ ತಲಿ ಮ್ಯಾಗೇ ಇರ್ಲಿ. ನನ್ನ ಮಾನ ನಿನ್ನ ಕೈಯಾಗ ಅದ, ಜ್ವಾಕಿ.”

ಹೀಗೆ, ಫ್ಲ್ಯಾಶಿಗೆ ಹೊದಿಸಿದ ಡಿಫ್ಯೂಸರಿನ ಇನ್ನೊಂದು ತುದಿಯಲ್ಲಿ ನಮ್ಮ ಮಾವ ಇದ್ದರು. ರಿಫ್ಲೆಕ್ಟರಿಗೆ ಚುಂಗು ಸುತ್ತಿ ದಾರದಿಂದ ಬಿಗಿದೆ. ನಾನು ಒಂದು ಹೆಜ್ಜೆ ಹಿಂದೆ ಸರಿದರೆ ಮಾವನೂ ಕುತ್ತಿಗೆ ವಾರೆ ಮಾಡಿಕೊಂಡು ಹಿಂದೆ. ನಾನು ಬಗ್ಗಿದರೆ ಅವರೂ ಬಗ್ಗಬೇಕು. ಫೋಕಸ್ ನೋಡಲು ಬಲಕ್ಕೆ ಹೋದೆ, ಅವರು ಎಡಕ್ಕೆ ಹೋದರು. ರುಮಾಲು ಹುಬ್ಬಿಗೆ ಇಳಿಯಿತು. ಒಂದೇ ನೊಗಕ್ಕೆ ಹೂಡಿದ ಹೊಸ ಎತ್ತುಗಳಂತೆ ನಾವಿಬ್ಬರೂ ಪಡಸಾಲೆಯ ತುಂಬ ತಿರುಗಿದೆವು. ಮಾವನ ಮುಖದಲ್ಲಿ ಮಾತ್ರ ಪಂಚಾಯತಿಗೆ ಕೂತ ಗಾಂಭೀರ್ಯ.

ಕಸ್ತೂರಿ ತಡೆದುಕೊಂಡಳು. ಇನ್ನಷ್ಟು ತಡೆದುಕೊಂಡಳು. ಕೊನೆಗೆ ಕಟ್ಟೆಯೊಡೆದು ನಕ್ಕಳು. ಆಗಲೇ ನಾನು ಒತ್ತಿಬಿಟ್ಟೆ.

ಬೆಳಕು ಹದವಾಗಿಯೇ ಬಂತು. ಅದರ ಹಿಂದೆಯೇ ಕಮರು ವಾಸನೆ ಬಂತು. ಬಲ್ಬಿಗೆ ಅರಿವೆ ತಾಗಿ ಚುಂಗು ಹೊಗೆಯಾಡುತ್ತಿತ್ತು. ತಲೆಗೇ ಬೆಂಕಿ ಬಿತ್ತೆಂದುಕೊಂಡ ಮಾವ, ಅಷ್ಟು ಹೊತ್ತು ಕಾಪಾಡಿಕೊಂಡಿದ್ದ ರುಮಾಲನ್ನು ತಾವೇ ಕಿತ್ತು ಬಿಸಾಡಿ ಅಂಗಳಕ್ಕೆ ಓಡಿದರು. ಬರಿತಲೆಯಲ್ಲಿ. ಎರಡೂ ಕೈ ತಲೆಯ ಮೇಲೆ ಹೊತ್ತು.

ಎದುರು ಮನೆಯ ನಾಗಮ್ಮ ಜೋಳ ಹಸನು ಮಾಡುತ್ತಿದ್ದಳು. ನೋಡಿದಳು. ಮೊರ ಅಲ್ಲೇ ಬಿಟ್ಟು, ಬಾಯಿ ಬಡಿದುಕೊಳ್ಳುತ್ತ ನಮ್ಮ ಮನೆಗೆ ನುಗ್ಗಿ ಅವ್ವನ ಕೊರಳಿಗೆ ಬಿದ್ದು ಅತ್ತಳು. ಅವ್ವನಿಗೆ ಏನು ಗೊತ್ತು? ತನ್ನ ತವರಿನದೋ ನಾಗಮ್ಮನ ತವರಿನದೋ ಏನೋ ಕೆಟ್ಟ ಸುದ್ದಿ ಬಂದಿದೆ ಎಂದುಕೊಂಡು ಅವಳೂ ಅಳತೊಡಗಿದಳು. ಅಳು ಕೇಳಿ ಓಣಿಯ ಹೆಂಗಸರೆಲ್ಲ ಬಂದರು. ಸತ್ತವರು ಯಾರು ಎಂದು ಕೇಳುವುದು ನಮ್ಮಲ್ಲಿ ರೀತಿಯಲ್ಲ, ಬಂದವರು ಗೊತ್ತಿದ್ದೇ ಬಂದಿರಬೇಕು. ಹಾಗಾಗಿ ಯಾರೂ ಕೇಳಲಿಲ್ಲ. ಎಲ್ಲರೂ ಅತ್ತರು. ಯಾರೂ ಸತ್ತಿಲ್ಲ ಎಂದು ನಾನು ಹೇಳಿದರೆ, ದುಃಖಕ್ಕೆ ಹುಡುಗನ ತಲೆ ಕೆಟ್ಟಿದೆ ಎಂದು ನನ್ನ ಬೆನ್ನು ಸವರಿದರು.

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವೆಂದು ನಾಲ್ಕು ಮನೆಗಳಿಂದ ರೊಟ್ಟಿ, ಪುಂಡಿಪಲ್ಲೆ ಬಂದವು. ಮಾವ ಕೂತು ಉಣ್ಣುವುದನ್ನು ನೋಡಿದಾಗಲೇ ಜನಕ್ಕೆ ಅನುಮಾನ ಬಂದದ್ದು. ಸಾವಾದ ಮನೆಯಲ್ಲಿ ಅಷ್ಟೊಂದು ಯಾರೂ ಉಣ್ಣುವುದಿಲ್ಲ.

ನಿಜ ತಿಳಿದು ನಕ್ಕು ಮುಗಿಸುವಷ್ಟರಲ್ಲಿ ನಮ್ಮೂರಿನ ಒಬ್ಬ ಜೇವರ್ಗಿಯ ಮೋಟಾರು ಹತ್ತಿಯಾಗಿತ್ತು. ಸುದ್ದಿ ಅವನ ಜೊತೆಗೇ ಹೋಯಿತು. ಆಳಂದ ಮುಟ್ಟಿದಾಗ ಅದರಲ್ಲಿ ಸಾವು ಇತ್ತು, ಹೆಸರು ಇರಲಿಲ್ಲ. ಹುಡುಗನ ತಂದೆಗೆ ತೋಚಿದ್ದು ಒಂದೇ: ಹುಡುಗಿಯೇ ಹೋದಳು. ಮೂಗಿಲ್ಲ ಎಂದು ಮಾತಾಡಿ ನೋಯಿಸಿದೆವಲ್ಲ ಎಂದು ಅವರು ನಿಂತಲ್ಲೇ ಕುಸಿದರಂತೆ. ಸಾವಾಗಿದೆ, ಕೂಡಲೇ ಹೊರಡು ಎಂದು ಹೈದರಾಬಾದಿಗೆ ತಾರು ಕೊಟ್ಟರು.

ಹೆಣ್ಣು ನೋಡಲು ರಜೆ ಕೊಡದ ಸಾಹೇಬರು ತಾರು ನೋಡಿದ ಕೂಡಲೇ ರಜೆ ಕೊಟ್ಟರು. ಹೋಗುವಾಗ ಹೆಗಲ ಮೇಲೆ ಕೈಯನ್ನೂ ಇಟ್ಟರಂತೆ.

ತಂದೆ, ಮಗ ನಮ್ಮ ಓಣಿಗೆ ತಲೆ ತಗ್ಗಿಸಿಕೊಂಡು ಬಂದಾಗ ಕಸ್ತೂರಿ ನೀರಿನ ಕೊಡ ಹೊತ್ತು ಬಾಗಿಲಲ್ಲಿ ನಿಂತಿದ್ದಳು. ತಂದೆ ಅವಳನ್ನು ಕಂಡು, ಅಲ್ಲೇ ಕಟ್ಟೆಯ ಮೇಲೆ ಕೂತು, ಮಕ್ಕಳ ಹಾಗೆ ಅತ್ತರು. ಹುಡುಗ ಅಳಲಿಲ್ಲ. ಅವನು ನೋಡುತ್ತಿದ್ದ. ಇವಳೂ ನೋಡುತ್ತಿದ್ದಳು. ಕೊಡದ ನೀರು ತುಳುಕಿ ಸೀರೆ ತೊಯ್ದರೂ ಇಬ್ಬರಿಗೂ ತಿಳಿಯಲಿಲ್ಲ. ಕೊನೆಗೆ ನಾನೇ ಹೋಗಿ ಕೊಡ ಇಳಿಸಿಕೊಂಡೆ.

ಮಾತು ಆ ದಿನವೇ ಪಕ್ಕಾ ಆಯಿತು. ನಿಮಗೆ ಈ ಸಂಬಂಧಕ್ಕೆ ಮನಸ್ಸಿದೆಯೇ ಎಂದು ಹುಡುಗ ಎಲ್ಲರೆದುರೇ ಅವಳನ್ನು ಕೇಳಿದ. ಅವಳು ಸೆರಗು ಸರಿಮಾಡಿಕೊಂಡು, “ಹೌದ್ರಿ” ಎಂದಳು. ಹಿರಿಯರೆಲ್ಲ ಕೆಮ್ಮಿದರು.

ಗುಲಬರ್ಗಾದಿಂದ ಫೋಟೋ ತೊಳೆದು ಬಂದದ್ದು ಆಮೇಲೆ. ಬಾಯಿ ತುಂಬ ನಗುವ ಕಸ್ತೂರಿ. ಮೂಗು, ನತ್ತು, ಕೆನ್ನೆಯ ಗುಳಿ, ಒಂದೂ ತಪ್ಪಿಲ್ಲ. ಹಲ್ಲು ಕಾಣುತ್ತವೆ ಎಂದು ಅವ್ವ ಮುಖ ಸಿಂಡರಿಸಿದಳು. ರಜೆ ಮುಗಿಸಿ ಹೊರಟಿದ್ದ ಹುಡುಗ ಅದನ್ನು ತೆಗೆದು ಜೇಬಿಗಿಟ್ಟುಕೊಂಡ. ಮಾವ ಸುಟ್ಟ ತೂತನ್ನು ಒಳಮಡಿಕೆಗೆ ಸೇರಿಸಿ ರುಮಾಲು ಸುತ್ತುವುದನ್ನು ಕಲಿತಿದ್ದಾರೆ. ನಿಮ್ಮಲ್ಲಿ ಯಾರಾದರೂ ಫ್ಲ್ಯಾಶ್ ಕೊಂಡರೆ ಹೇಳಿಡುತ್ತೇನೆ: ಹಳೆಯ ಮಲ್ಲು, ಒಂದೇ ಮಡಿಕೆ, ಬಲ್ಬಿಗೆ ತಾಗಬಾರದು, ಇನ್ನೊಂದು ತುದಿಯಲ್ಲಿ ಬಂಧುಗಳು ಇರಬಾರದು.

ಅದೆಲ್ಲ ಇರಲಿ. ನೆಲೋಗಿಗೂ ಆಳಂದಕ್ಕೂ ನಡುವೆ ಎಷ್ಟು ದೂರವಿದ್ದೀತು ಹೇಳಿ. ಬದುಕಿದ್ದವರ ಮುಖ ನೋಡಿಬರಲು ನಮಗೆ ಯಾರಾದರೂ ಸಾಯಲೇಬೇಕೇನ್ರೀ?