ಅರ್ಧಕ್ಕೆ ನಿಂತಿದ್ದ ದೇವರ ಪದ

ಕೊರೋನಾ ಗಲಾಟೆ ತಣ್ಣಗಾದ ಮರುವರ್ಷದ ಮಾತು. ಆಗ ನಾನು ಬೆಂಗಳೂರಿನ ಒಂದು ಪುಟ್ಟ ರೆಕಾರ್ಡ್ ಕಂಪನಿಯಲ್ಲಿ ಮಾಸ್ಟರಿಂಗ್ ಎಂಜಿನಿಯರ್ ಆಗಿದ್ದೆ. ಹೆಸರು ದೊಡ್ಡದು, ಕೆಲಸ ಕಸ ಗುಡಿಸುವಂಥದ್ದು. ಹಳೆಯ ರೆಕಾರ್ಡುಗಳ ಹಾಡಿನ ಮೇಲೆ ಕೂತಿರುವ ಗೀರು, ಸಿಡಿತ, ಗೊರಗೊರ ಸದ್ದನ್ನೆಲ್ಲ ತೆಗೆದು ಹೊಸ ವಿನೈಲ್ ತಟ್ಟೆಗೆ ಅಚ್ಚು ಹಾಕಲು ಅಣಿ ಮಾಡಿಕೊಡುವುದು. ಕಂಪನಿ ಅಂದರೆ ನಾನು, ಯಜಮಾನ ರಾಘು ಮತ್ತು ಬಾಡಿಗೆಯ ಎರಡು ಕೋಣೆ. ಇಥಿಯೋಪಿಯಾದ ಮದುವೆ ಹಾಡು, ಟರ್ಕಿಯ ಕುರಿಗಾಹಿಗಳ ಕೊಳಲು, ಹೀಗೆ ಯಾರಿಗೂ ಬೇಡವಾದದ್ದನ್ನು ಹುಡುಕಿ ಮುನ್ನೂರು ಪ್ರತಿ ಮಾಡಿಸುತ್ತಿದ್ದೆವು. ಅವು ಖರ್ಚಾಗುತ್ತಿದ್ದುದು ನನಗೆ ಇವತ್ತಿಗೂ ಆಶ್ಚರ್ಯ.

ಆ ವರ್ಷ ಬೇರೆ ಬೇರೆ ದೇಶಗಳ ದನಗಾಹಿಗಳ ಹಾಡನ್ನು ಒಂದೇ ಎಲ್‌ಪಿ ತಟ್ಟೆಯಲ್ಲಿ ತರುವ ಯೋಜನೆಯಿತ್ತು. ನನ್ನೂರು ನೊಣವಿನಕೆರೆ. ನಮ್ಮ ಕಡೆಯದೂ ಒಂದಿರಲಿ ಎಂದು ಹಟ ಹಿಡಿದೆ. ತಿಪಟೂರಿನ ಕೊಬ್ಬರಿ ವರ್ತಕರೊಬ್ಬರ ಅಟ್ಟದಲ್ಲಿ ಸಿಕ್ಕಿದ 78 ಆರ್‌ಪಿಎಂ ರೆಕಾರ್ಡೊಂದು ನನ್ನ ಬಳಿ ಇತ್ತು. ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗುವ, ಕೈಜಾರಿದರೆ ಚೂರಾಗುವ ಅರಗಿನ ತಟ್ಟೆ ಅದು. ಒಂದು ಮಗ್ಗುಲಲ್ಲಿ ಮೂರು ನಿಮಿಷ, ಹೆಚ್ಚೆಂದರೆ ಇನ್ನೂ ಕೊಂಚ ಹಿಡಿಯುತ್ತದೆ. ಹಾಡಿದವರು ಚಿಕ್ಕನಾಯಕನಹಳ್ಳಿ ಕಡೆ ದನ ಕುರಿ ಕಾಯುತ್ತಿದ್ದ ಚಿತ್ತಯ್ಯ. ಒಂದು ಮಗ್ಗುಲಲ್ಲಿ ದೇವರ ಪದ, ಇನ್ನೊಂದರಲ್ಲಿ ಬರೀ ಗಣೆ, ಅಂದರೆ ಉದ್ದನೆಯ ಬಿದಿರು ಕೊಳಲು. ಪದ ಇದ್ದಕ್ಕಿದ್ದಂತೆ ನಿಂತುಹೋಗುತ್ತಿತ್ತು. ಆ ಕಾಲದ ರೆಕಾರ್ಡುಗಳ ಹಣೆಬರಹವೇ ಅಷ್ಟು ಎಂದು ನಾನು ತಲೆ ಕೆಡಿಸಿಕೊಂಡಿರಲಿಲ್ಲ.

ಮರುಮುದ್ರಣಕ್ಕೆ ಮನೆಯವರ ಒಪ್ಪಿಗೆ ಬೇಕು. ವಿಚಾರಿಸುತ್ತಾ ಹೋಗಿ, ಹುಳಿಯಾರು ದಾರಿಯ ಒಂದು ಹಟ್ಟಿಗೆ ನಾನೂ ರಾಘುವೂ ಮುಟ್ಟಿದಾಗ ಮಧ್ಯಾಹ್ನ. ಚಿತ್ತಯ್ಯನವರ ಮಗ ಕಾಟಜ್ಜ ಒಳಗೆ ಮಂಚದ ಮೇಲಿದ್ದರು. ಎಂಬತ್ತು ದಾಟಿದ ಜೀವ, ವಿಪರೀತ ದಮ್ಮು. ಅವರ ತಂಗಿ ಈರಜ್ಜಿ ಬಾಗಿಲಲ್ಲಿ ಕೂತಿದ್ದರು. ಕಾಟಜ್ಜನ ಮಗ ಕರಿಯಣ್ಣ ಎಳನೀರು ಕೊಚ್ಚಿಕೊಟ್ಟು ಚೆನ್ನಾಗಿಯೇ ಮಾತಾಡಿಸಿದ. ರಾಘುವಿಗೆ ತಡೆಯಲಾಗಲಿಲ್ಲ. "ನಿಮ್ಮ ತಾತನ ಧ್ವನಿ ಕೇಳಿ" ಎಂದವನೇ ಫೋನಿನಲ್ಲಿದ್ದ ಹಾಡನ್ನು ಸ್ಪೀಕರಿಗೆ ಹಚ್ಚಿಬಿಟ್ಟ.

ಅಂಗಳ ಗುಡಿಸುತ್ತಿದ್ದ ಹೆಂಗಸು ಪೊರಕೆ ಬಿಟ್ಟು ನಿಂತಳು. ಎದುರು ಮನೆಯವರು ಬಾಗಿಲು ಹಾಕಿಕೊಂಡರು. ಕರಿಯಣ್ಣ ಸ್ಪೀಕರ್ ಕಿತ್ತುಕೊಂಡು ಅದರ ಬಾಯಿ ಮುಚ್ಚಿಸುವ ಹೊತ್ತಿಗೆ ಅರ್ಧ ನಿಮಿಷ ಆಗಿಹೋಗಿತ್ತು. ಒಳಗಿನಿಂದ ಕಾಟಜ್ಜನ ಕೂಗು ಬಂತು: "ಯಾವನ್ಲಾ ಅವ್ನು, ದ್ಯಾವ್ರನ್ನ ಕರ್ದೋನು?"

ವಿಷಯ ಬಿಡಿಸಿ ಹೇಳಿದವರು ಈರಜ್ಜಿ. "ಕರ್ದ ಮ್ಯಾಲೆ ಕಳಿಸ್ಬೇಕು ಕಣಪ್ಪ. ಮೊದ್ಲು ಗುಡ್ಡದಿಂದ ಕರೆಯೋ ಪದ, ಕಡೇಲಿ ಗುಡ್ಡಕ್ಕೆ ಕಳಿಸೋ ಪದ. ನಮ್ಮಪ್ಪ ಬೆಂಗ್ಳೂರಾಗೆ ಆ ಪೆಟ್ಗೆ ಮುಂದೆ ಕರೀತು. ಕಳಿಸಾಕೆ ಬುಡ್ಲಿಲ್ಲ. ಪ್ಲೇಟು ತುಂಬೋಯ್ತು, ಎದ್ದೋಗು ಅಂದ್ರಂತೆ."

ಆ ವರ್ಷವೇ ರೋಗ ಬಂದು ಕುರಿರೊಪ್ಪ ಬರಿದಾಯಿತಂತೆ. ಚಿತ್ತಯ್ಯ ಮತ್ತೆ ಬಾಯಿ ತೆರೆಯಲಿಲ್ಲ. ಹಟ್ಟಿಯಲ್ಲೇ ಕಳಿಸೋಣ ಎಂದರೆ ಹಿರಿಯರು ಒಪ್ಪಲಿಲ್ಲ. ಕರೆದ ದನಿ ಪ್ಲೇಟಿನಲ್ಲಿದೆ, ಆ ದನಿಯ ಹಿಂದೆಯೇ ಕಳಿಸುವ ಪದವೂ ಬರಬೇಕು ಎಂದರು. ಪ್ಲೇಟು ಇವರ ಕೈಗೆ ಸಿಗಲೇ ಇಲ್ಲ. ಗಣೆ ಊದುವುದು ಉಳಿಯಿತು, ಪದ ನಿಂತಿತು.

ಕುರಿಗಳು ರೋಗಕ್ಕೆ ಸಾಯುತ್ತವೆ, ರೆಕಾರ್ಡಿಗಲ್ಲ ಎಂದು ನನ್ನ ನಾಲಿಗೆ ತುದಿಗೆ ಬಂದಿತ್ತು. ಕರಿಯಣ್ಣನ ಮುಖ ನೋಡಿ ನುಂಗಿಕೊಂಡೆ. ಅಷ್ಟು ಹೊತ್ತಿಗೆ ಹಟ್ಟಿಯ ಮಕ್ಕಳನ್ನೆಲ್ಲ ಒಳಗೆ ಕರೆದುಕೊಂಡಿದ್ದರು. ಒಂದು ಜೀವವೂ ಅಂಗಳ ದಾಟುತ್ತಿರಲಿಲ್ಲ. ನಿಜ ಹೇಳುತ್ತೇನೆ, ನನಗೆ ಭಯವಾಯಿತು.

"ಪ್ಲೇಟಿನ್ ದನಿ ಈಗ ಮನೀಗೇ ಬಂದೈತಲ್ಲ, ಹಾಕು" ಎಂದರು ಕಾಟಜ್ಜ. "ಅಪ್ಪ ನಿಲ್ಸಿದ್ ಕಡೆಯಿಂದ ನಾನ್ ಎತ್ಕತೀನಿ. ಹುಡ್ಗ ಆಗಿದ್ದಾಗ ಕೇಳಿದ್ದು ಮರ್ತಿಲ್ಲ."

"ಬ್ಯಾಡ ಕಣಪ್ಪೋ. ಜೋರಾಗಿ ಮಾತೇ ಆಡ್ಬ್ಯಾಡಿ ಅಂದವ್ರೆ ತಿಪಟೂರು ಡಾಕ್ಟ್ರು" ಎಂದ ಕರಿಯಣ್ಣ.

"ನಾನ್ ಹೋದ್ಮ್ಯಾಕೆ ಯಾರ್ ಕಳಿಸ್ತಾರ್ಲಾ? ನಿಂಗೆ ಒಂದ್ ಸೊಲ್ಲಾರ ಬತ್ತದಾ?"

ಕರಿಯಣ್ಣ ನಮ್ಮ ಕಡೆ ತಿರುಗಿ, "ನಮ್ಮಪ್ಪಂಗೇನಾರ ಆದ್ರೆ ನೀವಿಬ್ರೂ ಈ ಹಟ್ಟಿ ದಾಟಾಕಿಲ್ಲ" ಎಂದ. ಸಣ್ಣ ದನಿಯಲ್ಲಿ ಹೇಳಿದ್ದರಿಂದ ಇನ್ನೂ ಹೆದರಿಕೆಯಾಯಿತು. ರಾಘು ಕಾರಿನ ಕೀಲಿ ಮುಟ್ಟಿ ನೋಡಿಕೊಂಡ.

ಆಗ ಈರಜ್ಜಿ ಫೋನಿನಲ್ಲಿ ಕೇಳಿದ್ದ ದನಿಯ ಬಗ್ಗೆ ಇನ್ನೊಂದು ಮಾತು ಹೇಳಿದರು. "ನಮ್ಮಪ್ಪ ಹಿಂಗೆ ಕಿರುಚ್ತಿರ್ಲಿಲ್ಲ. ಯಾರೋ ಹುಡುಗ್ನಂಗೈತೆ." ನನ್ನ ಕಸುಬಿನ ಬುದ್ಧಿ ಎಚ್ಚರವಾಯಿತು. ಅಂದಿನ ಯಂತ್ರಗಳೆಲ್ಲ ಸರಿಯಾಗಿ ಎಪ್ಪತ್ತೆಂಟು ಸುತ್ತು ತಿರುಗುತ್ತಿರಲಿಲ್ಲ. ನಿಧಾನ ತಿರುಗುವ ಯಂತ್ರದಲ್ಲಿ ಕೊರೆದದ್ದನ್ನು ಈಗ ಎಪ್ಪತ್ತೆಂಟರಲ್ಲಿ ನುಡಿಸಿದರೆ ದನಿ ಮೇಲಕ್ಕೇರುತ್ತದೆ. ಆ ಎತ್ತರದಲ್ಲಿ ಪದ ಎತ್ತಿಕೊಂಡರೆ ಕಾಟಜ್ಜನ ಎದೆ ಒಡೆದೇಹೋಗುತ್ತಿತ್ತು. ಸರಿಯಾದ ವೇಗ ಯಾವುದು ಎಂದು ಗೊತ್ತಾಗಲು ಒಂದು ಆಧಾರ ಬೇಕು. ಗೋಡೆಯಲ್ಲಿ ಚಿತ್ತಯ್ಯನವರು ರೆಕಾರ್ಡಿಗೆ ಊದಿದ್ದ ಗಣೆಯೇ ತೂಗುತ್ತಿತ್ತು.

ಕರಿಯಣ್ಣನಿಂದ ಅದನ್ನು ಊದಿಸಿದೆ. ಲ್ಯಾಪ್‌ಟಾಪಿಗೆ ತುಂಬಿಕೊಂಡಿದ್ದ ರೆಕಾರ್ಡಿನ ಗಣೆಯ ಮಗ್ಗುಲನ್ನು ಮಾತ್ರ ಹಚ್ಚಿ, ಎರಡೂ ಒಂದೇ ಸ್ವರಕ್ಕೆ ಬರುವ ತನಕ ವೇಗ ಇಳಿಸುತ್ತಾ ಬಂದೆ. ಕೊನೆಗೆ ಎರಡು ಗಣೆಗಳ ಸದ್ದು ಒಂದರೊಳಗೊಂದು ಸೇರಿಹೋಯಿತು. ಅದೇ ವೇಗದಲ್ಲಿ ಪದವನ್ನು ಹಚ್ಚಿದೆ. ಮೊದಲ ಸೊಲ್ಲಿಗೇ ಈರಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಅಪ್ಪ" ಎಂದರು, ಅಷ್ಟೇ.

ಮೂರು ನಿಮಿಷ. ಚಿತ್ತಯ್ಯನವರ ದನಿ ಎಂದಿನಂತೆ ಇದ್ದಕ್ಕಿದ್ದ ಹಾಗೆ ನಿಂತಿತು. ಒಂದು ಉಸಿರೂ ಬಿಡದೆ ಕಾಟಜ್ಜ ಅಲ್ಲಿಂದಲೇ ಎತ್ತಿಕೊಂಡರು. ತಂದೆಯದೇ ಧಾಟಿ, ತಂದೆಯದೇ ಸ್ವರ. ನನ್ನ ರೆಕಾರ್ಡರ್ ಚಾಲೂ ಇತ್ತು. ಪದದಲ್ಲಿ ದೇವರು ಕೆರೆ ದಾಟಿತು, ತೋಪು ದಾಟಿತು, ಗುಡ್ಡದ ಬುಡ ಮುಟ್ಟಿತು. ಅಲ್ಲಿಗೆ ಕಾಟಜ್ಜನ ಉಸಿರು ಕಟ್ಟಿತು. ತುಟಿ ಅಲುಗುತ್ತಿದೆ, ದನಿಯಿಲ್ಲ. ಮುಖ ಕಪ್ಪಿಟ್ಟಿತು. ರಾಘು ನನ್ನ ತೋಳು ಹಿಡಿದುಕೊಂಡ.

ಮಂಚದತ್ತ ಓಡಿದ ಕರಿಯಣ್ಣನ ಕೊರಳಿಗೆ ಕಾಟಜ್ಜ ಕೈ ಹಾಕಿ ಎಳೆದುಕೊಂಡು, ಅವನ ಕಿವಿಯಲ್ಲಿ ಏನೋ ಉಸುರಿದರು. ಅವನು ಬೆಪ್ಪಾಗಿ ನೋಡಿದ. ಇನ್ನೊಮ್ಮೆ ಉಸುರಿದರು. ಆಗ ಕರಿಯಣ್ಣ ಬಾಯಿ ತೆರೆದ. ಹುಟ್ಟಿದಾಗಿನಿಂದ ಒಂದು ಪದ ಹಾಡದವನು. ರಾಗವಿಲ್ಲ, ಗಂಟಲು ಬಿರಿದಿದೆ, ಕಣ್ಣಲ್ಲಿ ನೀರು. ಅಪ್ಪ ಒಂದು ಸೊಲ್ಲು ಕಿವಿಗೆ ಹಾಕುವುದು, ಮಗ ಕೂಗಿ ಹೇಳುವುದು. ಹಾಗೆ ತೆವಳಿಕೊಂಡೇ ದೇವರು ಗುಡ್ಡ ಹತ್ತಿತು. ಪದ ಮುಗಿಯಿತು. ಎದುರು ಮನೆಯ ಬಾಗಿಲು ತೆರೆದ ಸದ್ದು ಕೇಳಿಸಿತು.

ಕಾಟಜ್ಜನನ್ನು ನಮ್ಮ ಕಾರಿನಲ್ಲೇ ತಿಪಟೂರಿಗೆ ಸಾಗಿಸಿದೆವು. ಆ ಸಲ ಬದುಕಿಕೊಂಡರು. ನಮ್ಮ ಎಲ್‌ಪಿ ಅಚ್ಚಾಗುವ ಹೊತ್ತಿಗೆ ಇರಲಿಲ್ಲ.

ಸ್ಟುಡಿಯೋದಲ್ಲಿ ರಾಘುವಿಗೂ ನನಗೂ ಜಗಳವಾಯಿತು. ಕರಿಯಣ್ಣನ ಅಪಸ್ವರ ಕತ್ತರಿಸಿಬಿಡು ಎಂದ. ಅಷ್ಟು ಕತ್ತರಿಸಿದರೆ ನನ್ನನ್ನೂ ಕಂಪನಿಯಿಂದ ಕತ್ತರಿಸು ಎಂದೆ. ಒಪ್ಪಿಕೊಂಡ. ಮೂವರ ದನಿಯನ್ನೂ ನಡುವೆ ಒಂದು ಕ್ಷಣದ ಬಿಡುವೂ ಇಲ್ಲದಂತೆ ಕೂಡಿಸಿದೆ. ಒಪ್ಪಿಗೆ ಕೊಡುವಾಗ ಕರಿಯಣ್ಣ ಹಾಕಿದ ಷರತ್ತು ಒಂದೇ. ಅದನ್ನು ಕವರಿನ ಮೇಲೆ ಅಚ್ಚು ಮಾಡಿಸಿದೆವು: ಹಚ್ಚಿದರೆ ಕೊನೆಯ ತನಕ ಕೇಳಿ. ಮುನ್ನೂರು ಪ್ರತಿ ಯಾವ ಯಾವ ದೇಶಕ್ಕೆ ಹೋದವೋ. ಯಾರ ಮನೆಯಲ್ಲಿ ಯಾರು ಫೋನು ಬಂತೆಂದು ನಡುವೆ ತಟ್ಟೆಯ ಮೇಲಿನ ಮುಳ್ಳು ಎತ್ತಿಟ್ಟು ಎದ್ದು ಹೋಗುತ್ತಾರೋ ಎಂಬ ಯೋಚನೆ ಈಗಲೂ ಬರುತ್ತದೆ, ಬಂದಾಗ ಸರಿ ಅನ್ನಿಸುವುದಿಲ್ಲ.

ಹಳೆಯ ದನಿ ಕೈಗೆ ಸಿಕ್ಕರೆ ಕಸ ತೆಗೆದು ಹೊಳಪು ಕೊಟ್ಟರೆ ಮುಗಿಯಿತು ಎಂದು ನಾನು ಬಹಳ ಕಾಲ ನಂಬಿದ್ದೆ. ಹಾಡಿದವರು ಅರ್ಧಕ್ಕೆ ಬಿಟ್ಟದ್ದೂ ಅದರ ಜೊತೆಗೇ ಕೈಗೆ ಬರುತ್ತದೆ ಎಂದು ಈ ಕೆಲಸ ಕಲಿಸಿತು.

ಕಳೆದ ಬೇಸಿಗೆಯಲ್ಲಿ ನೊಣವಿನಕೆರೆಯ ಮನೆಯಲ್ಲಿ ಒಬ್ಬನೇ ಆ ಎಲ್‌ಪಿ ಹಚ್ಚಿದ್ದೆ. ದೇವರು ಗುಡ್ಡದ ಬುಡ ಮುಟ್ಟಿತ್ತು, ಕಾಟಜ್ಜನ ಉಸಿರು ಇನ್ನೇನು ಕಟ್ಟಬೇಕು, ಕರೆಂಟು ಹೋಯಿತು. ಲೈನ್‌ಮನ್‌ಗೆ ಫೋನು ಮಾಡಿದರೆ "ಸಾಯಂಕಾಲ ಬತ್ತದೆ ಬುಡಿ ಸಾರ್" ಎಂದ. ಮಟಮಟ ಮಧ್ಯಾಹ್ನ. ಹೊರಗೆ ತೋಟದಲ್ಲಿ ಒಂದು ಗರಿಯೂ ಅಲುಗುತ್ತಿರಲಿಲ್ಲ. ದೇವರ ವಿಷಯದಲ್ಲಿ ನನ್ನ ನಂಬಿಕೆ ಅಷ್ಟಕ್ಕಷ್ಟೇ. ಆದರೂ ಪದವನ್ನು ಅರ್ಧಕ್ಕೆ ಬಿಟ್ಟು ಏಳಲು ಮನಸ್ಸು ಬರಲಿಲ್ಲ.

ಕೂಡಿಸುವಾಗ ನೂರು ಸಲ ಕೇಳಿದ್ದ ಪದ ಅದು. ಬಾಗಿಲು ಹಾಕಿಕೊಂಡು ಬಂದು ಕೂತೆ. ಉಳಿದದ್ದನ್ನು ನಾನೇ ಹಾಡಿದೆ, ಕರಿಯಣ್ಣನಿಗಿಂತಲೂ ಕೆಟ್ಟದಾಗಿ, ಕೊನೆಯ ತನಕ.