ಕೌದಿಯ ಸೊಟ್ಟ ಮೂಲೆ

ನಾಳೆ ಅವ್ವನನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಬೇಕು. ಚೀಲಕ್ಕೆ ತುಂಬಲೆಂದು ಅವಳ ಹಳೇ ಕೌದಿಯನ್ನು ಮಡಿಸಿದೆ. ಎಂದಿನಂತೆ ಒಂದು ಮೂಲೆ ಹೊರಗೆ ಚಾಚಿತು.

ನಾನು ಚಿಕ್ಕವಳಿದ್ದಾಗ ಬೆಟ್ಟದಪುರದ ನಮ್ಮ ಮನೆಯಲ್ಲಿ ಅಜ್ಜಿ ಅದನ್ನು ಹೊಲಿದು ಮುಗಿಸಿದ ದಿನವೂ ಅವ್ವ ಆಸ್ಪತ್ರೆಯಲ್ಲಿದ್ದಳು. ಏನಾಗಿದೆ ಎಂದು ನನಗೆ ಯಾರೂ ಹೇಳುತ್ತಿರಲಿಲ್ಲ. ನಾನು ಹತ್ತಿರ ಹೋದರೆ ದೊಡ್ಡವರ ಮಾತು ನಿಲ್ಲುತ್ತಿತ್ತು. ಅಜ್ಜಿ ಕೌದಿಯನ್ನು ನೆಲಕ್ಕೆ ಹಾಸಿ, ಹೊಗೆಸೊಪ್ಪು ಕಟ್ಟುವ ದಾರವನ್ನು ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಎಳೆದು ಅಳೆದಳು. ಅದೇ ದಾರವನ್ನು ಇನ್ನೆರಡು ಮೂಲೆಗೆ ಹಿಡಿದರೆ ಸಾಲಲಿಲ್ಲ.

"ಈ ಮೂಲೆ ಸೊಟ್ಟ ಬಂದದೆ. ಕತ್ತರಿಸ್ಬುಟ್ರೆ ಸರಿಯಾಯ್ತದೆ" ಎಂದು ಕತ್ತರಿ ತೆಗೆದುಕೊಂಡಳು.

ಆ ಮೂಲೆಯಲ್ಲಿದ್ದದ್ದು ಅವ್ವನ ಹಸಿರು ಸೀರೆಯ ತುಂಡು. ಮೂಗು ತಾಗಿಸಿದರೆ ಸೌದೆಹೊಗೆಯ, ಸೀಗೆಪುಡಿಯ ವಾಸನೆ. ಅದಕ್ಕೆ ಕತ್ತರಿ ಬಿದ್ದರೆ ಅವ್ವ ವಾಪಸ್ಸು ಬರುವುದಿಲ್ಲ ಎಂದು ಹೇಗೋ ನನಗೆ ಖಚಿತವಾಗಿತ್ತು. ಹೋಗಿ ಅದರ ಮೇಲೆ ಕುಳಿತುಬಿಟ್ಟೆ.

"ಏಳು ಮಗಾ."

ಏಳಲಿಲ್ಲ. ಅಜ್ಜಿ ನನ್ನನ್ನು ನೋಡಿದಳು, ಆ ಹಸಿರು ಬಟ್ಟೆಯನ್ನು ನೋಡಿದಳು.

"ಬುಡು. ನಿಮ್ಮವ್ವ ಬಂದು ಅವಳೇ ಕತ್ತರಿಸ್ಲಿ" ಎಂದು ಕತ್ತರಿಯನ್ನು ಸೂರಿಗೆ ಸಿಕ್ಕಿಸಿದಳು.

ಅವ್ವ ಬಂದಳು. ಕೌದಿ ಮಡಿಸುವಾಗಲೆಲ್ಲ ಅಜ್ಜಿಯ ಕೈಕೆಲಸವನ್ನು ಆಡಿಕೊಳ್ಳುತ್ತಿದ್ದಳು. ಕತ್ತರಿಸಲು ಮಾತ್ರ ಪುರುಸೊತ್ತಾಗಲಿಲ್ಲ.

ಈಗ ಮಂಚದ ಮೇಲಿಂದ ಕೈ ಚಾಚಿ, "ಆಸ್ಪತ್ರೇಲಿ ನೋಡ್ದೋರು ನಗ್ತಾರೆ, ಕತ್ತರಿ ಕೊಡವ್ವ" ಎನ್ನುತ್ತಿದ್ದಾಳೆ.

ನಾನು ಆ ಮೂಲೆಯ ಮೇಲೆ ಕುಳಿತಿದ್ದೇನೆ.